ಆಷಾಢದ ಲೇಸರ್

ಮೇ 23, 2006, ಮಂಗಳವಾರ. ಹೊನ್ನವಳ್ಳಿ

ಮದುವೆಯಾಗಿ ಇವತ್ತಿಗೆ ಒಂಬತ್ತು ದಿನ. ಒಬ್ಬ ಹೆಣ್ಣು ಇಷ್ಟು ಸಂತೋಷವಾಗಿರುವುದಕ್ಕೆ ಸರ್ಕಾರದ ಅಪ್ಪಣೆ ಬೇಕೇನೋ ಅನ್ನಿಸುತ್ತಿದೆ. ದಯಾ ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಬಲಗೆನ್ನೆಯಲ್ಲೂ ಬಿದ್ದಿದ್ದರೆ ನಾನು ಬದುಕುತ್ತಿರಲಿಲ್ಲ.

ಇಷ್ಟು ವರ್ಷ ಡೈರಿಯನ್ನು ಇಂಗ್ಲಿಷಿನಲ್ಲೇ ಬರೆದೆ. ತಿಪಟೂರಿನ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದರು. ಆದರೆ ನಿಶ್ಚಿತಾರ್ಥವಾದ ಮೇಲೆ ದಯಾ ಕನ್ನಡದಲ್ಲಿ ಹನ್ನೆರಡು ಕಾಗದ ಬರೆದರು, ನಾನು ಹದಿನೇಳು ಬರೆದೆ. ಈಗ ಸಂತೋಷವನ್ನು ಇಂಗ್ಲಿಷಿನಲ್ಲಿ ಬರೆದರೆ ಗ್ರೀಟಿಂಗ್ ಕಾರ್ಡ್ ಓದಿದ ಹಾಗಿರುತ್ತದೆ.

ಇನ್ನು ನನ್ನ ಗುಟ್ಟು. ಡೈರಿಗೆ ಹೇಳದೆ ಇನ್ಯಾರಿಗೆ ಹೇಳಲಿ. ನನ್ನ ಎಡಗೆನ್ನೆಯಲ್ಲಿ ಹನ್ನೊಂದು ಮೊಡವೆ ಕಲೆ, ಬಲಗೆನ್ನೆಯಲ್ಲಿ ಎಂಟು. ಪಿಯುಸಿಯಲ್ಲಿ ಬಂದ ಮೊಡವೆಗಳು ಹೋಗುವಾಗ ತಮ್ಮ ಗುಳಿಗಳನ್ನು ಬಿಟ್ಟುಹೋದವು. ದಯಾ ನೋಡಲು ಬಂದ ದಿನ, ನಿಶ್ಚಿತಾರ್ಥದ ದಿನ, ಧಾರೆಯ ದಿನ, ಬೀಗರ ಊಟದ ದಿನ, ಎಲ್ಲ ದಿನವೂ ಅವುಗಳ ಮೇಲೆ ಫೌಂಡೇಶನ್ ಇತ್ತು. ಈ ಮನೆಯಲ್ಲಿ ನನ್ನ ಬರಿಮುಖವನ್ನು ಯಾರೂ ನೋಡಿಲ್ಲ. ದಯಾ ಅಂತೂ ನೋಡಲೇಬಾರದು.

ಆದ್ದರಿಂದ ದಿಂಬಿನ ಕೆಳಗೆ ಅಲಾರಂ. ನಾಲ್ಕೂ ಮುಕ್ಕಾಲಿಗೆ ಎದ್ದು, ಬಚ್ಚಲಿಗೆ ಹೋಗಿ, ಸ್ನಾನ ಮಾಡಿ, ಮುಖ ಪೂರ್ತಿ ಸಿದ್ಧಪಡಿಸಿಕೊಂಡು ಬಂದು, ಈಗಷ್ಟೇ ಎದ್ದವಳ ಹಾಗೆ ಆಕಳಿಸುತ್ತೇನೆ. ಇದರಿಂದ ಒಂದು ಅನಾಹುತವಾಗಿದೆ. ನನ್ನ ಅತ್ತೆ ಲಕ್ಷ್ಮಿದೇವಮ್ಮನವರು, ತಮ್ಮ ಸೊಸೆ ಕೋಳಿ ಕೂಗುವ ಮೊದಲೇ ಮಿಂದು ಮಡಿಯಾಗುತ್ತಾಳೆಂದು ಕೇರಿಗೆಲ್ಲಾ ಹೇಳಿಕೊಂಡು ಬಂದಿದ್ದಾರೆ. ನಿನ್ನೆ ಇಬ್ಬರು ಹೆಂಗಸರು ನನ್ನಿಂದ ಅರಿಶಿನ ಕುಂಕುಮ ತೆಗೆದುಕೊಂಡು ಹೋದರು.

ಜೂನ್ 3, ಶನಿವಾರ

ಮದುವೆಯ ಆಲ್ಬಂ ಬಂತು. ನಾನು ಚೆನ್ನಾಗಿದ್ದೇನೆ, ಸುಳ್ಳು ಯಾಕೆ ಹೇಳಲಿ. ದಯಾ ಒಂದೇ ಫೋಟೋವನ್ನು ನಾಲ್ಕು ಸಲ ನೋಡಿದರು. ಮಾವ ಗಂಗಾಧರಯ್ಯನವರು, ಹಿಂದುಗಡೆ ಕಾಣುವ ತೆಂಗಿನ ಗರಿಯ ಚಪ್ಪರ ಬಹಳ ಚೆನ್ನಾಗಿ ಬಂದಿದೆ ಅಂದರು.

ಅತ್ತೆ ಮಾತ್ರ ಒಂದು ಫೋಟೋ ಹತ್ತಿರ ನಿಂತುಬಿಟ್ಟರು. ನಾನೂ ಅವರೂ ಅಕ್ಕಪಕ್ಕ ನಿಂತದ್ದು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಆಲ್ಬಂ ಮುಚ್ಚಿ ಅಡುಗೆಮನೆಗೆ ಹೋದರು. ಕಲೆ ಕಂಡಿತೋ ಏನೋ. ಆ ಫೋಟೋ ತೆಗೆಯುವಾಗ ಮಧ್ಯಾಹ್ನ ಎರಡು ಗಂಟೆ, ಬೆವರಿದ್ದೆ.

ಇನ್ನು ತಡಮಾಡಬಾರದು. ತುಮಕೂರಿನಲ್ಲಿ ಹೊಸದಾಗಿ ಒಂದು ಚರ್ಮದ ಕ್ಲಿನಿಕ್ ಆಗಿದೆ. ಗುರುವಾರ ಗುರುವಾರ ಬೆಂಗಳೂರಿನಿಂದ ಡಾಕ್ಟರು ಬಂದು ಲೇಸರ್ ಮಾಡುತ್ತಾರೆ. ಮದುವೆಗೆ ಮುಂಚೆಯೇ ಅವರ ಪಾಂಪ್ಲೆಟ್ ತಂದಿಟ್ಟುಕೊಂಡಿದ್ದೇನೆ, 'ಮೃದು ಲೇಸರ್: ಏನನ್ನು ನಿರೀಕ್ಷಿಸಬಹುದು' ಎಂದು ಇಂಗ್ಲಿಷಿನಲ್ಲಿ. ಬೀರುವಿನಲ್ಲಿ ಸೀರೆಗಳ ಕೆಳಗೆ ಇದೆ. ಪಂಚಾಂಗವೇ ನನಗೆ ದಾರಿ ಮಾಡಿಕೊಟ್ಟಿದೆ. ಆಷಾಢ ಬರುತ್ತಿದೆ.

ಜೂನ್ 14, ಬುಧವಾರ

ಮಧ್ಯಾಹ್ನ ಕರೆಂಟ್ ಇರಲಿಲ್ಲ. ದಯಾ ಪ್ರೀತಿಯಿಂದ ಹತ್ತಿರ ಎಳೆದುಕೊಂಡರು. ಅವರ ಬಿಳಿ ಶರ್ಟಿನ ಹೆಗಲ ಮೇಲೆ ನನ್ನ ಕೆನ್ನೆ ಪೂರ್ತಿ ಅಚ್ಚಾಯಿತು. ಅತ್ತೆ ಅದನ್ನು ಒಗೆಯುವಾಗ, ಇದು ಯಾವ ತೋಟದ ಮಣ್ಣಪ್ಪ ಎಂದು ಮಗನನ್ನು ಕೇಳಿದರು. ಕಿಬ್ಬನಹಳ್ಳಿಯ ಕಡೆ ಹೋಗಿದ್ದೆ, ಅಲ್ಲಿಯದು ಎಂದರು ದಯಾ. ಪಾಪ, ಅವರಿಗೂ ಗೊತ್ತಿಲ್ಲ.

ಜೂನ್ 25, ಭಾನುವಾರ. ತಿಪಟೂರು

ತವರಿಗೆ ಬಂದೆ. ನಾಳೆಯಿಂದ ಆಷಾಢ. ಹೊಸ ಸೊಸೆ ಮತ್ತು ಅತ್ತೆ ಈ ತಿಂಗಳು ಒಂದೇ ಹೊಸಿಲು ದಾಟಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ಗಂಡನ ಮುಖವೂ ಇಲ್ಲ. ಮದುವೆಯಾದ ಹೊಸದರಲ್ಲಿ ಇಂಥ ಶಿಕ್ಷೆ ಕಂಡುಹಿಡಿದವರು ಯಾರೋ ಪ್ರೀತಿಯನ್ನೇ ಕಾಣದವರು. ಆದರೆ ಕಲೆ ತೆಗೆಸಿಕೊಳ್ಳುವವಳಿಗೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಮುಖ ಕೆಂಪಾದರೂ ಸಿಪ್ಪೆ ಎದ್ದರೂ ನೋಡುವವರು ಯಾರು?

ಹೊರಡುವಾಗ ಅತ್ತೆ ಮಡಿಲು ತುಂಬಿದರು. ನನ್ನ ಮುಖವನ್ನೇ ತುಂಬಾ ಹೊತ್ತು ನೋಡಿದರು. ನಾನು ಬೇಗ ವ್ಯಾನ್ ಹತ್ತಿದೆ.

ಜೂನ್ 29, ಗುರುವಾರ

ಮೊದಲನೇ ಸಲ ಆಯಿತು. ಅಮ್ಮ ಜೊತೆಗಿದ್ದಳು. ನನ್ನ ಅಮ್ಮ ವನಜಾಗೆ ಈ ವಿಷಯದಲ್ಲಿ ನನಗಿಂತ ಹೆಚ್ಚು ಭಯ. ಬೀಗರಿಗೆ ಗೊತ್ತಾದರೆ 'ಕಲೆ ಮುಚ್ಚಿ ಮಗಳನ್ನು ಕೊಟ್ಟರು' ಅಂದುಬಿಡುತ್ತಾರೆ ಅಂತ ಬಸ್ಸಿನಲ್ಲಿ ಗುಬ್ಬಿಯವರೆಗೂ ಹೇಳಿದಳು.

ಡಾಕ್ಟರು ನನ್ನ ಉತ್ಸಾಹದ ಮೇಲೆ ಒಂದು ಕೊಡ ತಣ್ಣೀರು ಸುರಿದರು. ಇದು ಚರ್ಮ ಸುಲಿಯುವ ಲೇಸರ್ ಅಲ್ಲವಂತೆ, ಬೆಳ್ಳಗೆ ಮಾಡುವ ಯಂತ್ರವೂ ಅಲ್ಲವಂತೆ. ಚರ್ಮದ ಒಳಗೆ ಸ್ವಲ್ಪ ಬಿಸಿ ಮುಟ್ಟಿಸಿದರೆ ಅದೇ ನಿಧಾನಕ್ಕೆ ತನ್ನನ್ನು ರಿಪೇರಿ ಮಾಡಿಕೊಳ್ಳುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ, ಐದಾರು ಸಲ ಬರಬೇಕು. ಗುಳಿಗಳು ಅರ್ಧಕ್ಕರ್ಧ ಕಡಿಮೆಯಾದರೆ ಸಂತೋಷಪಡಬೇಕು. ಒಂದು ತಿಂಗಳಲ್ಲಿ ಗಾಜಿನ ಹಾಗೆ ಆಗುವುದಿಲ್ಲವೇ ಎಂದು ಕೇಳಿದೆ. ಗಾಜಿಗೆ ಬೇರೆ ಅಂಗಡಿ ಇದೆ ಎಂದರು.

ಮರಗಟ್ಟುವ ಕ್ರೀಮನ್ನು ದಪ್ಪಗೆ ಬಳಿದು ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಕಣ್ಣಿಗೆ ಕಪ್ಪು ಮುಚ್ಚಳ. ಟಪ್ ಟಪ್ ಎಂದು ಯಾರೋ ರಬ್ಬರ್ ಬ್ಯಾಂಡ್ ಎಳೆದು ಕೆನ್ನೆಗೆ ಬಿಟ್ಟ ಹಾಗೆ. ನೋವು ಅನ್ನುವಷ್ಟಿಲ್ಲ. ಕಾನ್ವೆಂಟಿನಲ್ಲಿ ಹಿಂದಿನ ಬೆಂಚಿನ ಹುಡುಗಿ ಇದಕ್ಕಿಂತ ಜೋರಾಗಿ ಹೊಡೆಯುತ್ತಿದ್ದಳು. ಎರಡು ದಿನ ಕೆಂಪಗಿರುತ್ತದೆ, ಆಮೇಲೆ ಒಣಗಿ ಸ್ವಲ್ಪ ಹೊಟ್ಟು ಏಳುತ್ತದೆ. ಬಿಸಿಲು ಬೇಡ, ಅರಿಶಿನ ಬೇಡ, ಎರಡು ದಿನ ಮೇಕಪ್ ಬೇಡವೇ ಬೇಡ.

ಎರಡು ದಿನ ಬರಿಮುಖ. ಅಮ್ಮನ ಮನೆಯಲ್ಲೂ ಕಿಟಕಿ ಹಾಕಿಕೊಂಡು ಕೂತಿದ್ದೇನೆ.

ಜುಲೈ 2, ಭಾನುವಾರ

ಹೊಟ್ಟು ಏಳುತ್ತಿದೆ. ಮುಖ ಸಣ್ಣ ರವೆಯಲ್ಲಿ ಹೊರಳಿಸಿದ ಹಾಗಿದೆ. ಕಲೆ ಎಣಿಸಿದೆ. ಹನ್ನೊಂದು ಮತ್ತು ಎಂಟು.

ಜುಲೈ 3, ಸೋಮವಾರ

ಪಾಂಪ್ಲೆಟ್ ಅಲ್ಲೇ ಬಿಟ್ಟು ಬಂದಿದ್ದೇನೆ. ಹೊನ್ನವಳ್ಳಿಯಲ್ಲಿ. ಬೀರುವಿನಲ್ಲಿ. ಬೀಗದ ಕೈ ಅತ್ತೆಯ ಸೊಂಟದಲ್ಲಿದೆ.

ಜುಲೈ 9, ಭಾನುವಾರ

ದಯಾ ದಿನಾ ಸಂಜೆ ಪಂಪ್‌ಹೌಸ್ ಮೇಲೆ ಹತ್ತಿ ಮೊಬೈಲಿನಲ್ಲಿ ಮಾತಾಡುತ್ತಾರೆ. ಅಲ್ಲಿ ಮಾತ್ರ ಸಿಗ್ನಲ್. ಇವತ್ತು ಅವರ ಧ್ವನಿ ಸಪ್ಪೆಯಾಗಿತ್ತು. ಅತ್ತೆ ಯಾಕೋ ಮಂಕಾಗಿದ್ದಾರಂತೆ. ದಿನಕ್ಕೊಂದು ಸಲ ಆಲ್ಬಂ ತೆಗೆದು ಆ ಒಂದು ಫೋಟೋ ನೋಡಿ ಮುಚ್ಚಿಡುತ್ತಾರಂತೆ. ಏನಮ್ಮಾ ಎಂದು ಕೇಳಿದರೆ, ನೀನು ಸುಮ್ಕಿರಪ್ಪ ಎನ್ನುತ್ತಾರಂತೆ.

ಮುಗಿಯಿತು. ಪಾಂಪ್ಲೆಟ್ ಸಿಕ್ಕಿದೆ. ಸೊಸೆಯ ಮುಖ ನಕಲಿ ಎಂದು ಗೊತ್ತಾಗಿದೆ. ಶ್ರಾವಣಕ್ಕೆ ನನ್ನನ್ನು ಕರೆಸಿಕೊಳ್ಳುತ್ತಾರೋ ಇಲ್ಲವೋ. ದಯಾಗೆ ಇನ್ನೂ ಹೇಳಿಲ್ಲ ಅನ್ನುವುದೊಂದೇ ಸಮಾಧಾನ. ಅತ್ತೆ ಒಳ್ಳೆಯವರು, ಎದುರಿಗೇ ಕೇಳೋಣ ಎಂದು ಕಾದಿದ್ದಾರೆ.

ರಾಗಿಮುದ್ದೆ ಎರಡೇ ತಿಂದೆ.

ಜುಲೈ 20, ಗುರುವಾರ

ನಗಬೇಕೋ ಅಳಬೇಕೋ ತಿಳಿಯದು. ಎಲ್ಲ ಕ್ರಮವಾಗಿ ಬರೆಯುತ್ತೇನೆ.

ಇವತ್ತು ಎರಡನೇ ಸಲ. ಅಮ್ಮ ನನ್ನನ್ನು ಕ್ಲಿನಿಕ್ಕಿನಲ್ಲಿ ಬಿಟ್ಟು ರವಿಕೆ ಬಟ್ಟೆ ತರಲು ಪೇಟೆಗೆ ಹೋದಳು. ನರ್ಸ್ ನನ್ನ ತಲೆಗೆ ಹಸಿರು ಟೋಪಿ ಹಾಕಿ, ಕೂದಲೆಲ್ಲ ಒಳಗೆ ಸೇರಿಸಿ, ಮುಖಕ್ಕೆ ಕ್ರೀಮು ಬಳಿದು, ಕತ್ತಿನವರೆಗೆ ಒಂದು ಹಾಳೆಯಂಥ ಬಟ್ಟೆ ಹೊದಿಸಿ ಒಳಗಿನ ಕೋಣೆಯಲ್ಲಿ ಕೂರಿಸಿದಳು. ಪಕ್ಕದ ಕುರ್ಚಿಯಲ್ಲಿ ನನ್ನ ಹಾಗೆಯೇ ಟೋಪಿ, ಬಟ್ಟೆ, ಕ್ರೀಮಿನ ಇನ್ನೊಂದು ಗೊಂಬೆ ಇತ್ತು. ನನ್ನದಕ್ಕಿಂತ ಎರಡರಷ್ಟು ಕ್ರೀಮು. ಕಣ್ಣು, ಮೂಗಿನ ಹೊಳ್ಳೆ, ಬಾಯಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಆ ಗೊಂಬೆ ನನ್ನ ಕಡೆ ತಿರುಗಿ, "ಯಾವೂರಾಯ್ತಮ್ಮ?" ಎಂದಿತು.

ಅತ್ತೆ.

ಆ ಧ್ವನಿಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಅವರ ಕನ್ನಡಕವನ್ನು ನರ್ಸ್ ತೆಗೆಸಿ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದಳು. ಅದಿಲ್ಲದಿದ್ದರೆ ಅತ್ತೆಗೆ ಮೂರು ಮೊಳದಾಚೆ ನಿಂತದ್ದು ಎಮ್ಮೆಯೋ ಎತ್ತೋ ತಿಳಿಯದು. ನಾನು ಗಂಟಲು ದಪ್ಪ ಮಾಡಿಕೊಂಡು "ಗುಬ್ಬಿ" ಅಂದೆ. ಗುಬ್ಬಿಯಲ್ಲಿ ಯಾರ ಮನೆ ಎಂದರು. ಬಾಡಿಗೆ ಮನೆ ಅಂದೆ. ಯಾರದು ಬಾಡಿಗೆ ಮನೆ ಎಂದರು. ಕ್ರೀಮು ಬಾಯಿಗೆ ಬರುತ್ತಿದೆ ಎಂದು ಸನ್ನೆ ಮಾಡಿದೆ. ಅತ್ತೆಗೆ ಬಸ್ಸಿನಲ್ಲಿ ಸಿಕ್ಕವರೂ ನೆಂಟರೇ. ನಾನು ಮಾತಾಡದಿದ್ದರೇನಂತೆ, ಅವರೇ ಶುರುಮಾಡಿದರು. ಕಿವಿಯ ಹತ್ತಿರ ಒಂದು ರೂಪಾಯಿಯಗಲ ಜಾಗದಲ್ಲಿ ಪರೀಕ್ಷೆ ಮಾಡೋಣ ಎಂದರಂತೆ ಡಾಕ್ಟರು. ಹೊನ್ನವಳ್ಳಿಯಿಂದ ಬಂದಿದ್ದೇನೆ, ಹಚ್ಚುವುದನ್ನು ಪೂರ್ತಿ ಹಚ್ಚವ್ವಾ ಎಂದು ನರ್ಸಿಗೆ ಇವರು ಹೇಳಿದರಂತೆ. ನಮ್ಮ ಕಡೆ ಕಾಯಿ ಸುಲಿಯೋಕೆ ಮಿಷನ್ ಬಂತು, ಈಗ ಮುಖ ಸುಲಿಯೋಕೂ ಬಂತಲ್ಲ ಎಂದು ನಕ್ಕರು.

ಆಮೇಲೆ ನಗು ನಿಲ್ಲಿಸಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನಂಗ್ಯಾಕೆ ಬೇಕಿತ್ತವ್ವ ಇದು. ಇಪ್ಪತ್ತು ವರ್ಷದಿಂದ ಈ ಬಂಗು ಐತೆ ಕೆನ್ನೆ ಮ್ಯಾಲೆ, ತೋಟದ ಬಿಸಿಲಿಗೆ ಬಂದಿದ್ದು. ನಾನು ಅದನ್ನ ಮರ್ತೇ ಬಿಟ್ಟಿದ್ದೆ. ಹೊಸ ಸೊಸೆ ಬಂದವ್ಳೆ, ಇಂಗ್ಲೀಷ್ ಓದಿರೋಳು. ಒಳ್ಳೆ ಹುಡುಗಿ ಕಣವ್ವ, ಒಂದಿನ ಬಾಯ್ಬಿಟ್ಟು ಅಂದೋಳಲ್ಲ. ಆಷಾಢಕ್ಕೆ ಹೋಗೋವಾಗ ಈ ಆಸ್ಪತ್ರೆ ಕಾಗದಾನ ನನ್ ಕೈಗೆ ಸಿಗೋ ಹಂಗೆ ಬೀರುನಾಗೆ ಇಟ್ಟು ಹೋದ್ಲು. ಮಗನ ಕೈಲಿ ಓದಿಸ್ದೆ. ಫೋಟೋದಾಗೆ ಅವಳ ಪಕ್ಕ ನಿಂತಿದೀನಿ, ಬಿಳಿ ಗೋಡೆ ಪಕ್ಕ ಮಸಿ ಒಲೆ ನಿಂತಂಗೆ. ಇವರೇ ನಮ್ಮತ್ತೆ ಅಂತ ನಾಲ್ಕು ಜನಕ್ಕೆ ತೋರ್ಸೋಕೆ ಅವಳಿಗೂ ನಾಚ್ಕೆ ಆಗಲ್ವಾ? ಶ್ರಾವಣಕ್ಕೆ ಅವಳು ಬರೋದ್ರೊಳಗೆ ಒಸಿ ಕಮ್ಮಿ ಆದ್ರೆ ಸಾಕು."

ಕ್ರೀಮಿನಿಂದ ನನ್ನ ಮುಖ ಮರಗಟ್ಟಿತ್ತು. ಅದಿಲ್ಲದಿದ್ದರೂ ಮರಗಟ್ಟುತ್ತಿತ್ತು. ಕಣ್ಣಿನಿಂದ ನೀರು ಇಳಿದು ಕ್ರೀಮಿನಲ್ಲಿ ಎರಡು ಕಾಲುವೆ ಮಾಡಿತು.

ಆಗ ನರ್ಸ್ ಬಂದು ನನ್ನ ಮುಖ ಪೂರ್ತಿ ಒರೆಸಿ, ನೀವು ಒಳಗೆ ಬನ್ನಿ ಎಂದಳು. ಪುಣ್ಯಕ್ಕೆ ಹೆಸರು ಕೂಗಲಿಲ್ಲ. ಆರು ಹೆಜ್ಜೆ ನಡೆದು ಬಾಗಿಲು ದಾಟಿದ್ದರೆ ನನ್ನ ಗುಟ್ಟು ನನ್ನಲ್ಲೇ ಉಳಿಯುತ್ತಿತ್ತು. ನಾಲ್ಕು ಹೆಜ್ಜೆ ನಡೆದೆ ಕೂಡ. ಆಮೇಲೆ ತಿರುಗಿ ಬಂದು ಸ್ಟೂಲಿನ ಮೇಲಿದ್ದ ಕನ್ನಡಕ ತೆಗೆದು ಅವರ ಕೈಗಿಟ್ಟೆ.

"ಅತ್ತೆ, ಹಾಕ್ಕೊಳ್ಳಿ."

ಕ್ರೀಮಿನ ಮೇಲೆಯೇ ಕನ್ನಡಕ ಕೂತಿತು. ಅತ್ತೆ ನೋಡಿದರು.

"ಆ ಕಾಗದ ನಂದು ಅತ್ತೆ, ನಿಮಗಿಟ್ಟಿದ್ದಲ್ಲ. ಮರೆತು ಬಂದೆ. ನೋಡಿ, ಈ ಕಡೆ ಹನ್ನೊಂದು, ಈ ಕಡೆ ಎಂಟು. ದಿನಾ ಮುಚ್ಚಿಕೊಂಡು ಓಡಾಡ್ತಿದ್ದೆ. ಬೆಳಿಗ್ಗೆ ಬೇಗ ಏಳೋದೂ ಅದಕ್ಕೇ, ಮಡಿಗಲ್ಲ."

ಅತ್ತೆ ಕೈ ಚಾಚಿ ನನ್ನ ಕೆನ್ನೆ ಸವರಿದರು. ಬೆರಳಲ್ಲಿದ್ದ ಕ್ರೀಮೆಲ್ಲ ನನಗೆ ಮೆತ್ತಿತು.

"ಹಂಗಾರೆ ನನ್ನ ಬಂಗು ನೋಡಿ ನಿಂಗೇನೂ ಅನ್ನಿಸ್ಲಿಲ್ವಾ?"

ನಾನು ಅದನ್ನು ಸರಿಯಾಗಿ ನೋಡಿಯೇ ಇಲ್ಲ ಎಂದೆ. ಅದು ದೇವರಾಣೆಗೂ ನಿಜ. ಎರಡು ತಿಂಗಳು ನನ್ನ ಮುಖ ನೋಡಿಕೊಳ್ಳುವುದರಲ್ಲೇ ಕಳೆದಿದ್ದೆ. ಅತ್ತೆ ಇದ್ದಕ್ಕಿದ್ದ ಹಾಗೆ ಕನ್ನಡಕ ಕಿತ್ತು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

"ಆಷಾಢ ಕಣೇ ಇದು. ನಾನು ನಿನ್ ಮುಖ ನೋಡಿಲ್ಲ, ತಿಳ್ಕೊ. ನೀನು ನಂದು ನೋಡಿದ್ರೂ ಲೆಕ್ಕಕ್ಕಿಲ್ಲ, ನಂದು ಕ್ರೀಮ್ ಒಳಗೈತೆ."

ನರ್ಸಿಗೆ ಏನೂ ಅರ್ಥವಾಗದೆ ಇಬ್ಬರಿಗೂ ನೀರು ಕೊಟ್ಟಳು.

ನನ್ನ ಲೇಸರ್ ಮುಗಿದ ಮೇಲೆ ಡಾಕ್ಟರು ಅತ್ತೆಗೆ ಸ್ಪಷ್ಟವಾಗಿ ಹೇಳಿದರು. ಬಂಗಿಗೆ ಲೇಸರ್ ಮೊದಲ ಔಷಧಿಯಲ್ಲ, ಹುಷಾರು ತಪ್ಪಿದರೆ ಇನ್ನೂ ಕಪ್ಪಾಗಬಹುದು. ಕಿವಿಯ ಹತ್ತಿರ ಒಂದೇ ಒಂದು ಪರೀಕ್ಷೆ. ಮೂರು ತಿಂಗಳು ಕ್ರೀಮು, ಬಿಸಿಲಿಗೆ ಕೊಡೆ. ಪೂರ್ತಿ ಹೋಗುತ್ತದೆಂದು ಮಾತು ಕೊಡುವುದಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು, ಯಾಕೆಂದರೆ ನಾನೂ ಅಲ್ಲಿದ್ದೆ.

ಕೆಳಗೆ ವ್ಯಾನಿನ ಹತ್ತಿರ ದಯಾ ಇದ್ದರು. ಮೂರು ವಾರವಾಗಿತ್ತು ನೋಡಿ. ಮೂವರೂ ಹೋಟೆಲಿಗೆ ಹೋದೆವು. ಹೋಟೆಲಿನ ಹೊಸಿಲು ನಮ್ಮದಲ್ಲವಾದ್ದರಿಂದ ದೋಷವಿಲ್ಲ ಎಂದು ಅತ್ತೆ ತೀರ್ಮಾನ ಕೊಟ್ಟರು. ಆದರೂ ಅವರು ಒಂದು ಟೇಬಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತರು, ನಾನು ಹಿಂದಿನ ಟೇಬಲಿನಲ್ಲಿ ಅವರಿಗೆ ಬೆನ್ನು ಕೊಟ್ಟು ಕೂತೆ. ನನ್ನ ಗಂಡ ಎರಡೂ ಟೇಬಲಿಗೆ ಚಟ್ನಿ ಸಾಗಿಸಿದರು. ಯಾಕೆ ಇಷ್ಟು ಕೆಂಪಗಿದೀಯ ಎಂದು ಕೇಳಿದರು. ಲೇಸರ್ ಹೇಗೆ ಕೆಲಸ ಮಾಡುತ್ತದೆ ಎಂದು ಎಲ್ಲ ವಿವರಿಸಿದೆ, ಯಾವ ಕಲೆ ಎಷ್ಟು ಆಳ ಎಂದು ಬೆರಳಿಟ್ಟು ತೋರಿಸಿದೆ. ದಯಾ ಪೂರ್ತಿ ಕೇಳಿ, ದೋಸೆ ಆರುತ್ತಿದೆ ಎಂದರು. ಹಿಂದಿನಿಂದ ಅತ್ತೆ, "ಅವಳಿಗೆ ಇನ್ನೊಂದು ಹೇಳಪ್ಪ, ಸೊರಗವ್ಳೆ" ಎಂದರು. ನೋಡದೆಯೇ ಹೇಗೆ ಗೊತ್ತಾಯಿತೋ.

ಅಮ್ಮನನ್ನು ಪೇಟೆಯಲ್ಲಿ ಮರೆತು ಬಂದಿದ್ದೆವು. ಅರ್ಧ ದಾರಿಯಿಂದ ವಾಪಸ್ಸು ಹೋದೆವು.

ಜುಲೈ 21, ಶುಕ್ರವಾರ

ಈಗ ಹೊಳೆಯಿತು. ನಿನ್ನೆ ಹೋಟೆಲಿನಲ್ಲಿ ಮುಖಕ್ಕೆ ಪೌಡರ್ ಕೂಡ ಇರಲಿಲ್ಲ.

ಆ ಚಟ್ನಿಗೆ ಹುರಿಗಡಲೆ ಕಡಿಮೆ ಹಾಕಿರಬೇಕು, ಅದಕ್ಕೇ ಅಷ್ಟು ರುಚಿ.

ಜುಲೈ 26, ಬುಧವಾರ. ಹೊನ್ನವಳ್ಳಿ

ಶ್ರಾವಣದ ಮೊದಲ ದಿನ. ಅತ್ತೆ ಹೊಸಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತು, ಈಗ ನೋಡಬಹುದು ಎಂದು ನನ್ನ ಗಲ್ಲ ಹಿಡಿದು ಎತ್ತಿ ಎರಡೂ ಕಡೆ ತಿರುಗಿಸಿ ನೋಡಿದರು. ಕಾಯಿ ಕೊಳ್ಳುವ ಮೊದಲು ಪರೀಕ್ಷೆ ಮಾಡುವ ಹಾಗೆ. ಹತ್ತೊಂಬತ್ತೂ ಅಲ್ಲೇ ಇವೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರ ಬಂಗನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಎರಡು ಕೆನ್ನೆಯ ಮೇಲೂ ಒಂದೊಂದು ವೀಳ್ಯದೆಲೆ ಇಟ್ಟ ಹಾಗಿದೆ. ಅವರಿಗೆ ಒಪ್ಪುತ್ತದೆ.

ಇದರ ಬಗ್ಗೆ ಯಾರಿಗೂ ಹೇಳಬಾರದೆಂದು ಪ್ರಮಾಣ ಮಾಡಿಸಿಕೊಂಡರು. ಐವತ್ತು ದಾಟಿದ ಮೇಲೆ ಮುಖದ ಆಸೆ ಬಂತು ಎಂದು ಊರು ನಗುತ್ತದಂತೆ. ಮಾವನವರಿಗೂ ಹಲ್ಲು ತೋರಿಸಲು ಹೋಗಿದ್ದೆ ಎಂದು ಹೇಳಿದ್ದಾರಂತೆ.

ಆಗಸ್ಟ್ 2, ಬುಧವಾರ

ಏಳೂವರೆಗೆ ಎದ್ದೆ. ಅತ್ತೆ ಕಾಫಿ ಮಾಡಿಯಾಗಿತ್ತು. ಮಡಿ ಸೊಸೆಗೆ ಏನಾಯಿತು ಎಂದು ಕೇರಿಯಲ್ಲಿ ಕೇಳುತ್ತಿದ್ದಾರಂತೆ.

ಆಗಸ್ಟ್ 19, ಶನಿವಾರ

ಮೊನ್ನೆ ಗುರುವಾರ ನಾನೂ ಅತ್ತೆಯೂ ಒಟ್ಟಿಗೆ ತುಮಕೂರಿಗೆ ಹೋಗಿ ಬಂದೆವು. ನನ್ನದು ಮೂರನೇ ಸಲ, ಅವರದು ಕ್ರೀಮಿನ ತಪಾಸಣೆ. ಕಿವಿಯ ಹತ್ತಿರದ ಜಾಗ ಸ್ವಲ್ಪ ತಿಳಿಯಾಗಿದೆ. ಅತ್ತೆ ದಿನಾ ಅದನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ನನ್ನದು ಕಡಿಮೆಯಾಗಿದೆಯೋ ಇಲ್ಲವೋ, ಎಣಿಸಲು ಪುರುಸೊತ್ತಾಗಿಲ್ಲ. ಕಾಯಿ ಸುಲಿಯುವವರು ಬಂದಿದ್ದಾರೆ, ಮೂವತ್ತು ಜನಕ್ಕೆ ಅಡುಗೆ.

ಇವತ್ತು ಮಧ್ಯಾಹ್ನ ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಒಂದು ಗಲಾಟೆಯಾಯಿತು. ಮನೆಗೆಲಸಕ್ಕೆ ಬರುವ ಚಿಕ್ಕಗಂಗಮ್ಮ ಒಂದು ಜಾಡಿ ಹೇರಳೆಕಾಯಿ ಉಪ್ಪಿನಕಾಯಿ ತಂದು ನನ್ನ ಕೈಗಿಟ್ಟು, ಬಾಯಿಗೆ ರುಚಿಯಾಗಲಿ ತಿನ್ನವ್ವಾ ಎಂದಳು. ಹಿಂದೆ ಇನ್ನೂ ನಾಲ್ಕು ಹೆಂಗಸರು ನಗುತ್ತಾ ನಿಂತಿದ್ದರು. ಅವರ ಲೆಕ್ಕ ಹೀಗಿತ್ತು. ಸೊಸೆ ಮೊನ್ನೆ ತುಮಕೂರಿನ ಲೇಡಿ ಡಾಕ್ಟರ ಹತ್ತಿರ ಹೋಗಿ ಬಂದಳು, ಅತ್ತೆಯೂ ಜೊತೆಗೆ ಹೋಗಿದ್ದಳು. ಸೊಸೆ ಬಿಸಿಲಿಗೆ ಬರುವುದಿಲ್ಲ, ಅರಿಶಿನ ಮುಟ್ಟುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ. ಇನ್ನೇನು ಬೇಕು?

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಕೈ ಕಿವಿಯ ಹತ್ತಿರ ಹೋಗಿತ್ತು. ಇಷ್ಟು ಹೆದರಿದ ಮುಖವನ್ನು ನಾನು ಕಂಡಿಲ್ಲ. ಬೇರೆ ಏನು ಹೇಳಲಿ, ಇದ್ದದ್ದನ್ನೇ ಹೇಳಿದೆ.

"ಬಸುರಿಯಲ್ಲ ಚಿಕ್ಕಗಂಗಮ್ಮ. ಮೊಡವೆ ಕಲೆ ತೆಗೆಸೋಕೆ ಹೋಗ್ತಿದೀನಿ. ನನ್ನ ಮುಖಕ್ಕೆ. ಅತ್ತೆ ಸುಮ್ಮನೆ ಜೊತೆಗೆ ಬರ್ತಾರೆ."

ಯಾವ ಕಲೆ ಎಂದಳು. ಇಲ್ಲಿ ನೋಡು ಎಂದು ಅವಳ ಕೈ ಹಿಡಿದು ಅಂಗಳದ ನಡುವೆ, ಬೆಳಕು ಚೆನ್ನಾಗಿ ಬೀಳುವಲ್ಲಿಗೆ ಎಳೆದುಕೊಂಡು ಹೋದೆ. ಕಾಯಿ ಸುಲಿಯುತ್ತಿದ್ದ ಗಂಡಸರೂ ಕೈ ನಿಲ್ಲಿಸಿದರು. ಎಡಗೆನ್ನೆ ತೋರಿಸಿದೆ, ಬಲಗೆನ್ನೆ ತೋರಿಸಿದೆ. ಐದೂ ಜನ ಸರದಿಯಲ್ಲಿ ಬಗ್ಗಿ ನೋಡಿದರು.

"ಇವಾ?" ಎಂದಳು ಚಿಕ್ಕಗಂಗಮ್ಮ. "ಇವು ಯಾರ್ ಮುಖದಾಗಿಲ್ಲ? ಇದಕ್ಕೆ ಯಾರಾದ್ರೂ ತುಮಕೂರಿಗೆ ಹೋಯ್ತಾರಾ? ಸುಳ್ಳು ಹೇಳೋದ್ರಾಗೆ ಒಸಿ ಚೆನ್ನಾಗಿರೋದ್ನ ಹೇಳು ಬುಡು."

ನಾನು ಇನ್ನಷ್ಟು ಬೆಳಕಿಗೆ ಸರಿದು, ಗಲ್ಲದ ಹತ್ತಿರದ ಅತಿ ಆಳದ ಗುಳಿಯನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದೆ. ಇದಕ್ಕಿಂತ ಹೆಚ್ಚು ಸಾಕ್ಷಿ ನಾನು ಎಲ್ಲಿಂದ ತರಲಿ? ಅಷ್ಟರಲ್ಲಿ ಅತ್ತೆ ಮಾವನವರ ದೊಡ್ಡ ಕರಿಕೊಡೆ ಬಿಚ್ಚಿಕೊಂಡು ಓಡಿ ಬಂದು ನನ್ನ ತಲೆಯ ಮೇಲೆ ಹಿಡಿದರು. "ಬಿಸಿಲು ಬೀಳಬಾರದು ಅಂದಿಲ್ವಾ ಡಾಕ್ಟ್ರು, ನೆಳ್ಳಿಗೆ ಬಾ ಮಗ" ಎಂದರು.

ಐದೂ ಜನ ಮುಖ ಮುಖ ನೋಡಿಕೊಂಡರು. ಚಿಕ್ಕಗಂಗಮ್ಮ ಜಾಡಿಯನ್ನು ಮತ್ತೆ ನನ್ನ ಕೈಗಿಟ್ಟು, ಧ್ವನಿ ತಗ್ಗಿಸಿ, ಎಷ್ಟು ತಿಂಗಳು ಎಂದು ನನ್ನನ್ನಲ್ಲ, ಅತ್ತೆಯನ್ನು ಕೇಳಿದಳು.